ಮೇಜಿನ ಮೇಲಿಟ್ಟ ಟಿಪ್ಸನ್ನು ಹೌಸ್‌ಕೀಪಿಂಗ್‌ನವರು ಮುಟ್ಟಲೇ ಇಲ್ಲ, ಯಾಕೆ?

ಕಿಟಕಿಸೀಟು

ಕೆಲಸದ ಮೇಲೆ ಹೋಗಿ ಒಂದು ಹೋಟೆಲಿನಲ್ಲಿ ಕೆಲವು ದಿನ ಉಳಿದಿದ್ದೆ. ರೂಮನ್ನು ತುಂಬ ಚೆನ್ನಾಗಿ ನೋಡಿಕೊಳ್ಳುತ್ತಿದ್ದರು. ಬೋರಲು ಮಲಗಿಸಿಟ್ಟಿದ್ದ ಪುಸ್ತಕಕ್ಕೆ ಅದೇ ಪುಟದಲ್ಲಿ ಒಂದು ಚೀಟಿ ಸಿಕ್ಕಿಸಿ ಮುಚ್ಚಿಟ್ಟಿರುತ್ತಿದ್ದರು. ಚಾರ್ಜರ್ ವೈರು ಸುತ್ತಿಟ್ಟಿರುತ್ತಿದ್ದರು. ಯಾರೋ ಮನಸ್ಸಿಟ್ಟು ಮಾಡುತ್ತಿದ್ದಾರೆ ಅನ್ನುವುದು ಎದ್ದು ಕಾಣುತ್ತಿತ್ತು.

ಅವರಿಗೆ ಅಂತ ಬೆಳಿಗ್ಗೆ ಹೊರಡುವಾಗ ಮೇಜಿನ ಮೇಲೆ ದುಡ್ಡು ಇಟ್ಟು ಹೋದೆ. ಸಂಜೆ ಬಂದು ನೋಡಿದರೆ ಮೇಜು ಒರೆಸಿ ಫಳಫಳ ಅನ್ನುತ್ತಿದೆ, ನೋಟುಗಳು ಅಲ್ಲೇ ಇವೆ. ಒಂದರ ಮೇಲೊಂದು ನೇರ ಮಾಡಿ, ಹಾರದಂತೆ ಮೇಲೊಂದು ಪೆನ್ನು ಇಟ್ಟಿದ್ದರು. ಮರುದಿನವೂ ಅದೇ ಕಥೆ. ಕೊನೆಗೆ ಖಾಲಿ ಮಾಡುವ ದಿನ ರಿಸೆಪ್ಶನ್‌ನಲ್ಲಿ ಕೊಟ್ಟು ಬಂದೆ. ಅವರಿಗೆ ತಲುಪಿತೋ ಇಲ್ಲವೋ ಗೊತ್ತಿಲ್ಲ.

ನಾನು ಕೊಟ್ಟ ರೀತಿ ಅವರಿಗೆ ಬೇಸರ ತಂದಿರಬಹುದೇ? ಹೇಗೆ ಕೊಟ್ಟರೆ ಸರಿ? ಇನ್ನೊಂದು ವಿಷಯವೂ ಇದಕ್ಕೇ ಅಂಟಿಕೊಂಡಿದೆ. ನಮ್ಮ ಮನೆಯವರು ಪ್ರತಿ ಸಲ ಹೊರಡುವಾಗ "ರೂಮಿನಲ್ಲಿ ಏನೂ ಬಿಡಬೇಡ, ಕ್ಲೀನ್ ಮಾಡೋಕೆ ಬರ್ತಾರೆ" ಅಂತ ಎಚ್ಚರಿಸುತ್ತಾರೆ. ದುಡ್ಡನ್ನು ಹಾಗೆ ಜೋಡಿಸಿಟ್ಟವರನ್ನು ನೆನೆದರೆ ಆ ಮಾತು ಮನಸ್ಸಿಗೆ ಚುಚ್ಚುತ್ತದೆ. ಒಳಗಿನ ವ್ಯವಸ್ಥೆ ಗೊತ್ತಿರುವವರು ಹೇಳಿ.

ಮೂರನೇಮಹಡಿ

ರೂಮ್ ಅಟೆಂಡೆಂಟ್ ಆಗಿ ಸೇರಿ, ಆಮೇಲೆ ಫ್ಲೋರ್ ಸೂಪರ್‌ವೈಸರ್ ಆಗಿ ಬಹಳ ವರ್ಷ ದುಡಿದವಳು ನಾನು. ಅವರಿಗೆ ಬೇಸರ ಆಗಿಲ್ಲ ಸರ್. ಅದು ತಮಗೆ ಇಟ್ಟ ದುಡ್ಡು ಅಂತ ತಿಳಿಯುವ ದಾರಿ ಅವರಿಗಿರಲಿಲ್ಲ, ಅಷ್ಟೇ.

ನಮ್ಮ ಕೈಗೆ ಬೆಳಿಗ್ಗೆ ಸಿಗುವ ಪಟ್ಟಿಯಲ್ಲಿ ರೂಮುಗಳು ಮುಖ್ಯವಾಗಿ ಎರಡು ಬಗೆ. ಗೆಸ್ಟ್ ಇನ್ನೂ ಇದ್ದರೆ ಅದು ಸ್ಟೇಓವರ್, ಖಾಲಿ ಮಾಡಿ ಹೋಗಿದ್ದರೆ ಚೆಕ್‌ಔಟ್ ರೂಮು. ಸ್ಟೇಓವರ್ ರೂಮಿನಲ್ಲಿ ಕಾಣುವುದೆಲ್ಲ ಗೆಸ್ಟಿನ ಸ್ವತ್ತು. ಮೇಜಿನ ಮೇಲಿನ ನೋಟು, ನೆಲಕ್ಕೆ ಬಿದ್ದ ಚಿಲ್ಲರೆ, ಅರ್ಧ ಹರಿದ ರಸೀದಿ, ಎಲ್ಲವೂ. ಕಸದ ಬುಟ್ಟಿಯ ಒಳಗಿದ್ದರೆ ಮಾತ್ರ ಅದು ಕಸ. ಬುಟ್ಟಿಯ ಪಕ್ಕ ಬಿದ್ದಿದ್ದರೆ ಎತ್ತಿ ಮೇಜಿನ ಮೇಲೆ ಇಡಬೇಕು. ಸೇರಿದ ಮೊದಲ ದಿನವೇ ಇದನ್ನು ತಲೆಗೆ ತುಂಬುತ್ತಾರೆ.

ಬೇಕಂತಲೇ ದುಡ್ಡು ಇಟ್ಟು ಎಣಿಸಿಕೊಂಡು ಹೋಗುವ ಗೆಸ್ಟುಗಳೂ ಇದ್ದಾರೆ. ಹೊಸಬರನ್ನು ಪರೀಕ್ಷಿಸಲು ಮ್ಯಾನೇಜ್‌ಮೆಂಟಿನವರೇ ಇಡಿಸುವುದೂ ಉಂಟು. ನಿಮ್ಮ ನೋಟು ಯಾವ ಜಾತಿಯದ್ದು ಅಂತ ಆ ಹುಡುಗಿ ಹೇಗೆ ತೀರ್ಮಾನಿಸಬೇಕು? ತಪ್ಪಿ ಎತ್ತಿಕೊಂಡರೆ ಕೆಲಸವೇ ಹೋಗುತ್ತದೆ. ಆದ್ದರಿಂದ ಒರೆಸಿ, ನೇರ ಮಾಡಿ, ಪೆನ್ನು ಇಟ್ಟು ಹೋಗಿದ್ದಾಳೆ. ನಾನು ಸೂಪರ್‌ವೈಸರ್ ಆಗಿದ್ದರೆ ಅವಳನ್ನು ಕರೆದು ಬೆನ್ನು ತಟ್ಟುತ್ತಿದ್ದೆ.

ಇದಕ್ಕೆ ಪರಿಹಾರ ಒಂದು ಚೀಟಿ. ರೂಮಿನಲ್ಲೇ ಹೋಟೆಲಿನ ಪ್ಯಾಡ್ ಇರುತ್ತದೆ. "ಹೌಸ್‌ಕೀಪಿಂಗ್‌ನವರಿಗೆ, ಧನ್ಯವಾದ" ಅಂತ ಬರೆದು ತಾರೀಖು ಹಾಕಿ ದುಡ್ಡಿನ ಜೊತೆ ಇಡಿ. ಆ ಚೀಟಿಯನ್ನು ನಾವು ಬಿಸಾಡುವುದಿಲ್ಲ, ಜೇಬಿನಲ್ಲಿ ಇಟ್ಟುಕೊಳ್ಳುತ್ತೇವೆ. ಎಷ್ಟೋ ಹೋಟೆಲುಗಳಲ್ಲಿ ಮನೆಗೆ ಹೊರಡುವಾಗ ಸ್ಟಾಫ್ ಗೇಟಿನಲ್ಲಿ ಬ್ಯಾಗ್ ತಪಾಸಣೆ ಇರುತ್ತದೆ. ಯಾರಾದರೂ ಕೇಳಿದರೆ ನಿಮ್ಮ ಕೈಬರಹವೇ ನಮಗೆ ಸಾಕ್ಷಿ.

ಬಟ್ಟೆ, ತಿಂಡಿ ಡಬ್ಬಿ, ಸೆಂಟ್ ಬಾಟಲಿ ಮುಂತಾದ್ದನ್ನು ಕೊಡಬೇಕು ಅನ್ನಿಸಿದರೂ ಇದೇ ಕ್ರಮ. ಬರೆದಿಡಿ, ರಿಸೆಪ್ಶನ್‌ಗೂ ಒಂದು ಮಾತು ಹೇಳಿ. ಅವರು ಗೇಟ್ ಪಾಸ್ ಮಾಡಿಸುತ್ತಾರೆ. ಇಲ್ಲದಿದ್ದರೆ ನೀವು ಪ್ರೀತಿಯಿಂದ ಬಿಟ್ಟ ವಸ್ತು ಲಾಸ್ಟ್ ಅಂಡ್ ಫೌಂಡ್ ಕಪಾಟಿನಲ್ಲಿ ಹೆಸರು ಹಚ್ಚಿಕೊಂಡು ತಿಂಗಳುಗಟ್ಟಲೆ ಕೂರುತ್ತದೆ.

ನೀಲಿಛತ್ರಿ

ನಾನು ಯಾವಾಗಲೂ ದಿಂಬಿನ ಮೇಲೆ ಇಡುತ್ತೇನೆ. ಅಲ್ಲಿ ಇಟ್ಟರೆ ಟಿಪ್ಸ್ ಅಂತ ಎಲ್ಲರಿಗೂ ಅರ್ಥವಾಗುತ್ತದೆ ಅಂತ ಕೇಳಿದ್ದೆ. ಸರಿಯಾ?

ಮೂರನೇಮಹಡಿ

ದಿಂಬಿನ ಮೇಲೆ ಇಟ್ಟರೆ ಬಹುಪಾಲು ಮಂದಿಗೆ ಅರ್ಥವಾಗುತ್ತದೆ, ಆದರೆ ಅಪಾಯವೂ ಇದೆ. ನಾವು ಹಾಸಿಗೆ ಬಿಚ್ಚುವುದು ಒಂದೇ ಎಳೆತದಲ್ಲಿ. ದಿಂಬಿನ ಕವರು, ಬೆಡ್‌ಶೀಟು, ಟವೆಲು ಎಲ್ಲ ಒಂದು ಗಂಟಾಗಿ ಟ್ರಾಲಿಯ ಚೀಲಕ್ಕೆ ಹೋಗುತ್ತದೆ. ಅದರೊಳಗೆ ನೋಟು ಸಿಕ್ಕಿಕೊಂಡರೆ ಲಾಂಡ್ರಿಯಲ್ಲಿ ಯಾರ ಕೈಗೋ ಸೇರುತ್ತದೆ. ಮೇಜಿನ ಮೇಲೆ ಅಥವಾ ಬಾತ್‌ರೂಮಿನ ಕಟ್ಟೆಯ ಮೇಲೆ ಚೀಟಿ ಸಮೇತ ಇಡುವುದೇ ಒಳ್ಳೆಯದು.

ಮತ್ತೆ, ದಿನದ್ದು ದಿನವೇ ಇಡಿ. ಕೊನೇ ದಿನ ಒಟ್ಟಿಗೆ ಇಡುವವರೇ ಹೆಚ್ಚು. ಆದರೆ ನಿಮ್ಮ ರೂಮನ್ನು ಇಷ್ಟು ದಿನ ಮಾಡಿದವರಿಗೆ ಅವತ್ತು ವಾರದ ರಜೆ ಇರಬಹುದು, ಬೇರೆ ಮಹಡಿ ಹಾಕಿರಬಹುದು. ಒಟ್ಟು ದುಡ್ಡು ಒಂದೇ ದಿನ ಬಂದವರಿಗೆ ಹೋಗುತ್ತದೆ.

ಲೆಕ್ಕಪಕ್ಕಾ

ಇಲ್ಲಿ ಎಲ್ಲರೂ ಟಿಪ್ಸ್ ಹೇಗೆ ಇಡಬೇಕು ಅಂತ ಮಾತಾಡುತ್ತಿದ್ದೀರಿ. ಯಾಕೆ ಇಡಬೇಕು ಅನ್ನುವುದನ್ನೂ ಕೇಳೋಣ. ಬಾಡಿಗೆ ಕೊಟ್ಟಾಗಿದೆ. ರೂಮು ಸ್ವಚ್ಛ ಇರಬೇಕಾದ್ದು ಆ ಬಾಡಿಗೆಯೊಳಗಿನ ಮಾತು. ಸ್ವಚ್ಛ ಮಾಡಿದವರಿಗೆ ಬದುಕುವಷ್ಟು ಸಂಬಳ ಕೊಡುವುದು ಮಾಲೀಕರ ಹೊಣೆ. ನಾವು ಲಕೋಟೆ ಇಟ್ಟಷ್ಟೂ ಆ ಹೊಣೆ ನಮ್ಮ ಮೇಲೆ ಜಾರುತ್ತದೆ.

2014ರಲ್ಲಿ ಮ್ಯಾರಿಯಟ್ ಸಂಸ್ಥೆ ಅಮೆರಿಕ ಮತ್ತು ಕೆನಡಾದ ತನ್ನ ಹೋಟೆಲುಗಳಲ್ಲಿ ರೂಮಿಗೊಂದು ಟಿಪ್ಸ್ ಲಕೋಟೆ ಇಡುವ ಯೋಜನೆ ತಂದಿತು. ಪತ್ರಕರ್ತೆ ಮರಿಯಾ ಶ್ರೈವರ್ ಅವರ ಸಂಸ್ಥೆ ಜೊತೆಗಿತ್ತು. ಕಣ್ಣಿಗೆ ಬೀಳದ ಕೆಲಸಗಾರರಿಗೆ ಮನ್ನಣೆ ಸಿಗಲಿ ಅನ್ನುವುದು ಉದ್ದೇಶ. ಇಷ್ಟು ದೊಡ್ಡ ಸಂಸ್ಥೆ ಗೆಸ್ಟುಗಳ ಮುಂದೆ ಲಕೋಟೆ ಇಡುವ ಬದಲು ಸಂಬಳ ಯಾಕೆ ಏರಿಸಬಾರದು ಅಂತ ಆಗಲೇ ತುಂಬ ಜನ ಪ್ರಶ್ನಿಸಿದರು. ನನ್ನ ಪ್ರಶ್ನೆಯೂ ಅದೇ.

ಟಿಪ್ಸಿನಲ್ಲಿ ಇನ್ನೊಂದು ಅನ್ಯಾಯವಿದೆ. ಸಾಮಾನು ಹೊತ್ತವರು, ಕಾರು ತಂದವರು, ಊಟ ಬಡಿಸಿದವರು ಕಣ್ಣೆದುರು ನಿಲ್ಲುತ್ತಾರೆ, ಅವರಿಗೆ ಸಿಗುತ್ತದೆ. ನಾವು ಇಲ್ಲದ ಹೊತ್ತಿನಲ್ಲಿ ಬಂದು ಹೋಗುವವರಿಗೆ ಸಿಗುವುದಿಲ್ಲ. ಹೀಗೆ ಯಾರೋ ನೆನಪಿಟ್ಟುಕೊಂಡರೆ ಉಂಟು, ಮರೆತರೆ ಇಲ್ಲ ಅನ್ನುವಂಥದ್ದನ್ನು ಆದಾಯ ಅಂತ ಕರೆಯಲು ನನಗೆ ಮನಸ್ಸು ಒಪ್ಪುವುದಿಲ್ಲ.

ಟ್ರಾಲಿ

ಈಗಲೂ ಹೌಸ್‌ಕೀಪಿಂಗ್‌ನಲ್ಲೇ ಇದ್ದೀನಿ, ಡ್ಯೂಟಿ ಮುಗಿಸಿ ಬಸ್ಸಿನಲ್ಲಿ ಕೂತು ಬರೀತಿದ್ದೀನಿ. ಲೆಕ್ಕಪಕ್ಕಾ ಸರ್ ಹೇಳಿದ ಸಂಬಳದ ಮಾತು ನೂರಕ್ಕೆ ನೂರು ನಿಜ. ಸಂಬಳ ಸರಿಯಾಗಿ ಕೊಟ್ಟರೆ ನಮಗೆ ಲಕೋಟೆ ಬೇಡವೇ ಬೇಡ. ಆದರೆ ಸಂಬಳ ಏರೋವರೆಗೂ ಟಿಪ್ಸ್ ಕೊಡಲ್ಲ ಅಂತ ಗೆಸ್ಟುಗಳು ನಿಂತರೆ ಮಾಲೀಕರಿಗೆ ಬಿಸಿ ತಟ್ಟಲ್ಲ ಸರ್, ನಮಗೆ ತಟ್ಟತ್ತೆ.

ಕೆಲಸ ಹೇಗಿರತ್ತೆ ಅಂತ ಸ್ವಲ್ಪ ಹೇಳ್ತೀನಿ. ಒಂದು ಶಿಫ್ಟಿಗೆ ಇಷ್ಟು ರೂಮು ಅಂತ ಲೆಕ್ಕ ಕೊಡ್ತಾರೆ. ದೊಡ್ಡ ಹೋಟೆಲುಗಳಲ್ಲಿ ಹದಿನಾಲ್ಕು, ಹದಿನಾರು ಮಾಮೂಲಿ. ರೂಮಿಗೆ ಅರ್ಧ ಗಂಟೆ ಅಂತ ಹಿಡಿದಿರ್ತಾರೆ, ಚೆಕ್‌ಔಟ್ ರೂಮು ಅಷ್ಟರಲ್ಲಿ ಮುಗಿಯಲ್ಲ. ಹಾಸಿಗೆ ಮೂಲೆ ಎತ್ತಿ ಬೆಡ್‌ಶೀಟು ಮಡಚಿ ಒಳಗೆ ತಳ್ಳಬೇಕು, ಅದು ಒಂದು ಹಾಸಿಗೆಗೆ ನಾಲ್ಕು ಸಲ ಬಗ್ಗಿ ಎತ್ತೋ ಕೆಲಸ. ಈಗಿನ ಹಾಸಿಗೆಗಳು ದಪ್ಪ, ಭಾರ. ಮೊಣಕಾಲೂರಿ ಟಬ್ಬು ತಿಕ್ಕಬೇಕು. ತುಂಬಿದ ಟ್ರಾಲಿ ಕಾರ್ಪೆಟ್ ಮೇಲೆ ತಳ್ಳೋದಕ್ಕೆ ಭುಜ ಕಿತ್ತು ಬರತ್ತೆ.

ನಮ್ಮ ಯೂನಿಯನ್ ಸಭೆಯಲ್ಲಿ ಒಬ್ಬರು ಅಮೆರಿಕದ ಒಂದು ಅಧ್ಯಯನ ಓದಿ ಹೇಳಿದ್ರು, 2010ರಲ್ಲಿ ಬಂದಿದ್ದು. 50 ಹೋಟೆಲುಗಳ ಗಾಯದ ದಾಖಲೆ ತೆಗೆದು ನೋಡಿದಾರೆ. ಹೋಟೆಲಿನ ಎಲ್ಲಾ ವಿಭಾಗಗಳಲ್ಲಿ ಹೆಚ್ಚು ಪೆಟ್ಟು ತಿನ್ನೋದು ಹೌಸ್‌ಕೀಪಿಂಗ್‌ನವರೇ. ನೂರು ಮಂದಿ ಒಂದು ವರ್ಷ ದುಡಿದ್ರೆ 7.9 ಗಾಯ. ಕ್ಯಾಲಿಫೋರ್ನಿಯಾದಲ್ಲಿ ಈ ಕಾರಣಕ್ಕೇ 2018ರ ಜುಲೈನಿಂದ ಹೋಟೆಲ್ ಹೌಸ್‌ಕೀಪಿಂಗ್‌ಗೆ ಅಂತಲೇ ಪ್ರತ್ಯೇಕ ಸುರಕ್ಷತಾ ನಿಯಮ ಬಂತು. ಸ್ಪೇನಿನ ಬಾಲಿಯಾರಿಕ್ ದ್ವೀಪಗಳಲ್ಲಿ 2022ರ ಕಾನೂನು ಎತ್ತರಿಸೋಕೆ ಆಗೋ ಮಂಚಗಳನ್ನೇ ಹಾಕಬೇಕು ಅಂತ ಹೇಳತ್ತೆ. ಅದನ್ನ ಕೇಳಿ ನಮ್ಮಲ್ಲಿ ಎಷ್ಟೋ ಜನ ಕಣ್ಣೊರೆಸಿಕೊಂಡ್ರು. ಮಂಚ ಒಂದು ಸ್ವಲ್ಪ ಮೇಲೆ ಬಂದ್ರೆ ಸೊಂಟಕ್ಕೆ ಎಷ್ಟು ಆರಾಮ ಅನ್ನೋದು ಬಗ್ಗಿದವರಿಗೇ ಗೊತ್ತು.

ಇನ್ನೊಂದು. "ದಿನಾ ಕ್ಲೀನ್ ಮಾಡೋದು ಬೇಡ, ಪರಿಸರ ಉಳಿಯತ್ತೆ" ಅಂತ ಬೋರ್ಡ್ ಹಾಕ್ತಾರಲ್ಲ, ಗೆಸ್ಟುಗಳು ನಮಗೆ ಸಹಾಯ ಆಯ್ತು ಅಂದ್ಕೊಂಡು ಬೇಡ ಅಂತಾರೆ. ನಾಲ್ಕೈದು ದಿನ ಯಾರೂ ಮುಟ್ಟದ ರೂಮನ್ನ ಕೊನೆಗೆ ಅದೇ ಅರ್ಧ ಗಂಟೆಯಲ್ಲಿ ಮಾಡಬೇಕು. ಕೂದಲು, ಕಲೆ, ಕಸ ಎಲ್ಲ ಗಟ್ಟಿಯಾಗಿ ಕೂತಿರತ್ತೆ. ಕೆಲಸದ ಗಂಟೆಗಳೂ ಕಡಿಮೆ ಆಗ್ತವೆ. ನಿಮಗೆ ನಿಜವಾಗಿ ಬೇಡ ಅಂದ್ರೆ ಬೇಡ ಅನ್ನಿ, ಆದರೆ ನಮಗೋಸ್ಕರ ಅಂತ ಬೇಡ ಅನ್ನಬೇಡಿ. ಅಷ್ಟು ದಿನ ಬೇಡ ಅಂದಿದ್ರೆ ಕೊನೇ ದಿನ ಕಸ ಒಂದು ಚೀಲಕ್ಕೆ ಕಟ್ಟಿ, ಒದ್ದೆ ಟವೆಲು ಒಂದು ಕಡೆ ಹಾಕಿ. ಅದೇ ದೊಡ್ಡ ಉಪಕಾರ.

ರಾತ್ರಿಪಾಳಿ

ಫ್ರಂಟ್ ಆಫೀಸಿನಲ್ಲಿ ರಾತ್ರಿ ಡ್ಯೂಟಿ ಮಾಡುವವನು. ಕಿಟಕಿಸೀಟು ಅವರು ರಿಸೆಪ್ಶನ್‌ನಲ್ಲಿ ಕೊಟ್ಟ ದುಡ್ಡಿನ ಬಗ್ಗೆ ಹೇಳುತ್ತೇನೆ. ಲಕೋಟೆಯ ಮೇಲೆ ರೂಮ್ ನಂಬರು, ತಾರೀಖು, ಹೌಸ್‌ಕೀಪಿಂಗ್ ಅಂತ ಬರೆದಿದ್ದರೆ ನಾವು ಲಾಗ್ ಪುಸ್ತಕದಲ್ಲಿ ನಮೂದಿಸಿ ಆ ವಿಭಾಗಕ್ಕೆ ದಾಟಿಸುತ್ತೇವೆ. ಬರಿಗೈಯಲ್ಲಿ "ಕ್ಲೀನ್ ಮಾಡಿದವರಿಗೆ ಕೊಡಿ" ಅಂತ ಕೊಟ್ಟರೆ ಅದು ಒಟ್ಟು ಡಬ್ಬಿಗೆ ಹೋಗಬಹುದು, ಎಲ್ಲರಿಗೂ ಹಂಚಿಕೆಯಾಗಬಹುದು. ಹಂಚುವುದು ತಪ್ಪಲ್ಲ, ಲಾಂಡ್ರಿಯವರಿಗೂ ಪಾಲು ಸಿಗುತ್ತದೆ. ಆದರೆ ಒಬ್ಬರಿಗೇ ತಲುಪಬೇಕು ಅಂತಿದ್ದರೆ ಬರೆದು ಕೊಡಿ.

ಬಿಲ್ಲಿನಲ್ಲಿರುವ ಸರ್ವಿಸ್ ಚಾರ್ಜ್ ಹೌಸ್‌ಕೀಪಿಂಗ್‌ಗೆ ಹೋಗುತ್ತದೆ ಅಂತ ಗೆಸ್ಟುಗಳು ನಂಬಿರುತ್ತಾರೆ. ಕೆಲವು ಕಡೆ ಹೋಗುತ್ತದೆ, ಕೆಲವು ಕಡೆ ಊಟದ ವಿಭಾಗದಲ್ಲೇ ಮುಗಿಯುತ್ತದೆ. ಕೌಂಟರಿನಲ್ಲಿ ನೇರವಾಗಿ ಕೇಳಿ, ಕೇಳುವುದರಲ್ಲಿ ಸಂಕೋಚ ಬೇಡ. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ಗಳಲ್ಲಿ 2024ರ ಅಕ್ಟೋಬರ್ 1ರಿಂದ ಜಾರಿಯಾದ ಕಾನೂನಿನ ಪ್ರಕಾರ ಟಿಪ್ಸ್, ಸರ್ವಿಸ್ ಚಾರ್ಜ್ ಎರಡನ್ನೂ ಮಾಲೀಕರು ತೆರಿಗೆ ಬಿಟ್ಟು ಬೇರೇನೂ ಮುರಿದುಕೊಳ್ಳದೆ ಕೆಲಸಗಾರರಿಗೆ ದಾಟಿಸಬೇಕು. ಅಮೆರಿಕದಲ್ಲಿ 2018ರ ತಿದ್ದುಪಡಿಯ ನಂತರ ಮ್ಯಾನೇಜರುಗಳು, ಸೂಪರ್‌ವೈಸರುಗಳು ಕೆಳಗಿನವರ ಟಿಪ್ಸಿನಲ್ಲಿ ಪಾಲು ತೆಗೆದುಕೊಳ್ಳುವಂತಿಲ್ಲ. ಇಂಥ ಕಾನೂನು ಮಾಡಬೇಕಾಗಿ ಬಂತು ಅಂದರೆ ಅದಕ್ಕೆ ಮುಂಚೆ ಏನು ನಡೆಯುತ್ತಿತ್ತು ಅಂತ ಊಹಿಸಿ.

ದೇಶದಿಂದ ದೇಶಕ್ಕೆ ರೂಢಿ ಬೇರೆ ಅನ್ನುವುದೂ ನೆನಪಿರಲಿ. ಜಪಾನಿನಲ್ಲಿ ಟಿಪ್ಸ್ ಇಟ್ಟರೆ ಮರೆತು ಹೋದಿರಿ ಅಂತ ಹಿಂದೆಯೇ ಓಡಿ ಬಂದು ವಾಪಸು ಕೊಡುತ್ತಾರೆ. ಅಲ್ಲಿ ಚೀಟಿ ಮಾತ್ರ ಬರೆದಿಟ್ಟರೂ ಸಂತೋಷವೇ.

ಕಿಟಕಿಸೀಟು

ಎಲ್ಲರಿಗೂ ವಂದನೆ. ಚೀಟಿಯ ವಿಷಯ ಮನಸ್ಸಿಗೆ ನಾಟಿತು. ಈಗ ಎರಡನೇ ಪ್ರಶ್ನೆಗೆ ಬನ್ನಿ. ಲ್ಯಾಪ್‌ಟಾಪ್, ಪಾಸ್‌ಪೋರ್ಟ್, ಒಡವೆ, ಇವನ್ನೆಲ್ಲ ರೂಮಿನಲ್ಲಿ ಬಿಟ್ಟು ಹೋಗಬಹುದೇ? ಕಳುವಾದರೆ ಮೊದಲು ಯಾರ ಮೇಲೆ ಕಣ್ಣು ಬೀಳುತ್ತದೆ ಅಂತ ನಮಗೆಲ್ಲ ಗೊತ್ತು, ಅದು ಎಷ್ಟು ಸರಿ?

ಮೂರನೇಮಹಡಿ

ಇದಕ್ಕೆ ನಾನು ಕಂಡ ಒಂದು ಘಟನೆ ಹೇಳಲೇಬೇಕು. ಹೋಟೆಲಿನ ಹೆಸರು ಬೇಡ.

ಒಬ್ಬ ಗೆಸ್ಟಿನ ಉಂಗುರ ಕಾಣೆಯಾಯಿತು. "ಬೆಳಿಗ್ಗೆ ಬಾತ್‌ರೂಮಿನಲ್ಲಿ ಬಿಚ್ಚಿಟ್ಟಿದ್ದೆ, ಕ್ಲೀನ್ ಮಾಡಿದವಳೇ ತೆಗೆದಿದ್ದಾಳೆ" ಅಂತ ಕೌಂಟರಿನಲ್ಲಿ ನಿಂತು ಕೂಗಾಡಿದರು. ಲಾಕ್ ರಿಪೋರ್ಟ್ ತೆಗೆಸಿದರು. ಆ ಹೊತ್ತಿನಲ್ಲಿ ಬಾಗಿಲು ತೆರೆದಿದ್ದು ಗೆಸ್ಟಿನ ಕಾರ್ಡು ಮತ್ತು ನನ್ನ ಕೈಕೆಳಗಿನ ಒಬ್ಬ ಅಟೆಂಡೆಂಟಿನ ಕಾರ್ಡು, ಎರಡೇ. ಅವಳನ್ನು ಸೆಕ್ಯುರಿಟಿ ರೂಮಿನಲ್ಲಿ ಕೂರಿಸಿದರು. ಲಾಕರ್ ತೆಗೆಸಿ, ಊಟದ ಡಬ್ಬಿ ಬಿಚ್ಚಿಸಿ ನೋಡಿದರು. ಅವಳು ಒಂದೇ ಮಾತು ಹೇಳುತ್ತಿದ್ದಳು, "ಅಲ್ಲಿ ಉಂಗುರ ಇರಲೇ ಇಲ್ಲ ಮೇಡಂ, ಇದ್ದಿದ್ದರೆ ನಾನೇ ನಿಮಗೆ ಫೋನ್ ಮಾಡ್ತಿದ್ದೆ." ಅದು ನಿಜ. ಒಡವೆ ಹೊರಗೆ ಕಂಡರೆ ಅವಳು ಒಳಗೆ ಕಾಲಿಡದೆ ನನ್ನನ್ನು ಕರೆಯುತ್ತಿದ್ದವಳು.

ಎರಡು ದಿನದ ಮೇಲೆ ಗೆಸ್ಟೇ ಊರಿಂದ ಫೋನ್ ಮಾಡಿದರು. ಉಂಗುರ ಮೇಕಪ್ ಚೀಲದ ಒಳಪದರದಲ್ಲಿ ಸಿಕ್ಕಿತಂತೆ. ಸಿಕ್ಕಿದ್ದನ್ನು ತಿಳಿಸಿದರಲ್ಲ, ಅದಕ್ಕೆ ನಾನು ಕೃತಜ್ಞಳು, ಎಷ್ಟೋ ಜನ ತಿಳಿಸುವುದೂ ಇಲ್ಲ. ಆದರೆ ಅಷ್ಟರಲ್ಲಿ ಆ ಹುಡುಗಿಯನ್ನು ಮಹಡಿಯಿಂದ ತೆಗೆದು ಬೇಸ್‌ಮೆಂಟಿನ ಲಾಂಡ್ರಿಗೆ ಹಾಕಿದ್ದರು. ಉಂಗುರ ಸಿಕ್ಕ ಸುದ್ದಿಯನ್ನು ಅವಳಿಗೆ ಆಫೀಸಿನಿಂದ ಯಾರೂ ಹೇಳಲಿಲ್ಲ. ನಾನು ಹೋಗಿ ಹೇಳಿದೆ. ಅವಳು ಆ ತಿಂಗಳ ಸಂಬಳ ತೆಗೆದುಕೊಂಡು ಕೆಲಸ ಬಿಟ್ಟಳು. ಅವಳಷ್ಟು ಚೊಕ್ಕವಾಗಿ ಹಾಸಿಗೆ ಹಾಕುವವರನ್ನು ನಾನು ಆಮೇಲೆ ನೋಡಲಿಲ್ಲ.

ಹೌಸ್‌ಕೀಪಿಂಗ್‌ನವರು ಯಾರೂ ಕದಿಯುವುದೇ ಇಲ್ಲ ಅಂತ ನಾನು ಹೇಳಲಾರೆ. ಕದ್ದವರನ್ನೂ ಕಂಡಿದ್ದೇನೆ. ಆದರೆ ಒಮ್ಮೆ ಯೋಚಿಸಿ: ಬಾಗಿಲು ತೆರೆದ ಹೊತ್ತು, ಕಾರ್ಡಿನ ನಂಬರು, ರಿಜಿಸ್ಟರಿನಲ್ಲಿ ಸಹಿ, ಕಾರಿಡಾರಿನ ಕ್ಯಾಮೆರಾ, ಎಲ್ಲವೂ ಬೊಟ್ಟು ಮಾಡುವುದು ಅವರ ಕಡೆಗೇ ಅಂತ ಅವರಿಗೆ ಚೆನ್ನಾಗಿ ಗೊತ್ತು. ಹಾಗೆ ಗೊತ್ತಿರುವವರಲ್ಲಿ ಕೈಹಾಕುವವರು ಎಷ್ಟು ಮಂದಿ ಇದ್ದಾರು?

ಏನಾದರೂ ಕಾಣದಿದ್ದರೆ ದಯವಿಟ್ಟು ಮೊದಲ ಮಾತು "ಕಳುವಾಗಿದೆ" ಅಂತ ಆಗದಿರಲಿ. "ಇಂಥದ್ದು ಕಾಣಿಸುತ್ತಿಲ್ಲ, ಹುಡುಕಲು ಯಾರನ್ನಾದರೂ ಕಳಿಸಿ" ಅನ್ನಿ. ನಮಗೆ ಜಾಗಗಳು ಗೊತ್ತು. ಹಾಸಿಗೆಗೂ ತಲೆಭಾಗದ ಹಲಗೆಗೂ ನಡುವಿನ ಸಂದು, ಸೋಫಾದ ಮಡಿಕೆ, ಬೀರುವಿನಲ್ಲಿ ನೇತುಹಾಕಿದ ಬಾತ್‌ರೋಬಿನ ಜೇಬು, ಪರದೆಯ ಬುಡ, ಲಾಂಡ್ರಿಗೆ ಹೋದ ಗಂಟು. ಸಿಗುವುದು ಹೆಚ್ಚಾಗಿ ಇಂಥ ಕಡೆಯೇ. ಹುಡುಕುವಾಗ ನೀವೂ ಜೊತೆಗೆ ನಿಂತಿರಿ, ಇಬ್ಬರಿಗೂ ಒಳ್ಳೆಯದು.

ರಾತ್ರಿಪಾಳಿ

ಬೀಗದ ವಿಷಯ ನಾನು ಸೇರಿಸುತ್ತೇನೆ. ಎಲೆಕ್ಟ್ರಾನಿಕ್ ಲಾಕು ಯಾವ ಕಾರ್ಡು ಯಾವ ಹೊತ್ತಿಗೆ ತೆರೆಯಿತು ಅನ್ನುವುದನ್ನು ದಾಖಲಿಸುತ್ತದೆ. ಒಳಗೆ ಏನಾಯಿತು ಅನ್ನುವುದನ್ನು ದಾಖಲಿಸುವುದಿಲ್ಲ. ಈ ವ್ಯತ್ಯಾಸ ಮರೆತಾಗಲೇ ಮೇಲಿನಂಥ ಅನ್ಯಾಯ ಆಗುವುದು.

ರೂಮಿನ ಸೇಫನ್ನು ಉಪಯೋಗಿಸಿ, ಆದರೆ ಬ್ಯಾಂಕಿನ ಲಾಕರ್ ಅಂತ ಭಾವಿಸಬೇಡಿ. ಗೆಸ್ಟುಗಳು ಕೋಡ್ ಮರೆಯುವುದು ನಿತ್ಯದ ಮಾತು. ಅದಕ್ಕಾಗಿ ಹೋಟೆಲಿನವರ ಬಳಿ ತೆರೆಯುವ ಉಪಾಯ ಇದ್ದೇ ಇರುತ್ತದೆ. ಒಳ್ಳೆಯ ಕಡೆ ಡ್ಯೂಟಿ ಮ್ಯಾನೇಜರ್ ಮತ್ತು ಸೆಕ್ಯುರಿಟಿ ಇಬ್ಬರೂ ಬಂದು, ಗೆಸ್ಟಿನೆದುರೇ ತೆರೆದು ಸಹಿ ಹಾಕಿಸುತ್ತಾರೆ. ತೀರಾ ಬೆಲೆಬಾಳುವುದನ್ನು ಕೌಂಟರಿನ ಸೇಫ್ ಡಿಪಾಸಿಟ್‌ಗೆ ಕೊಟ್ಟು ರಸೀದಿ ತೆಗೆದುಕೊಳ್ಳಿ.

ಅಪಾಯ ಯಾವಾಗಲೂ ಒಳಗಿನವರಿಂದಲೇ ಬರುವುದಿಲ್ಲ. 2024ರ ಮಾರ್ಚಿನಲ್ಲಿ ಕೆಲವು ಭದ್ರತಾ ಸಂಶೋಧಕರು ಸಾಫ್ಲಾಕ್ ಅನ್ನುವ ಹೋಟೆಲ್ ಬೀಗಗಳಲ್ಲಿ ದೋಷ ಇರುವುದನ್ನು ಬಹಿರಂಗ ಮಾಡಿದರು. ಅದೇ ಹೋಟೆಲಿನ ಯಾವುದೋ ಒಂದು ಕಾರ್ಡು ಸಿಕ್ಕರೆ ಸಾಕು, ನಕಲಿ ಕಾರ್ಡು ಮಾಡಿ ಅಲ್ಲಿನ ಯಾವ ಬಾಗಿಲನ್ನಾದರೂ ತೆರೆಯಬಹುದಿತ್ತು. 131 ದೇಶಗಳ 13,000 ಕಟ್ಟಡಗಳಲ್ಲಿ 30 ಲಕ್ಷಕ್ಕೂ ಹೆಚ್ಚು ಬಾಗಿಲುಗಳಿಗೆ ಆ ಬೀಗ ಇತ್ತು. ತಯಾರಕರಿಗೆ 2022ರಲ್ಲೇ ತಿಳಿಸಿದ್ದರಿಂದ ದುರಸ್ತಿ ಶುರುವಾಗಿತ್ತು, ಆದರೆ ಒಂದೊಂದೇ ಬಾಗಿಲು ಸರಿಪಡಿಸಬೇಕಲ್ಲ, ವರ್ಷಗಳು ಹಿಡಿಯುತ್ತವೆ. ರೂಮಿನೊಳಗೆ ಇರುವಾಗ ಬಾಗಿಲಿನ ಚಿಲಕ, ಸರಪಳಿ ಹಾಕಿಕೊಳ್ಳಿ.

ಕಾಯಿದೆಕಣ್ಣು

ಕಾನೂನಿನ ಕಡೆಯಿಂದ ಒಂದು ಮಾತು. ಗೆಸ್ಟಿನ ಸಾಮಾನಿಗೆ ಛತ್ರದವನು ಹೊಣೆ ಅನ್ನುವ ನಿಯಮ ತುಂಬ ಹಳೆಯದು. ಇಂಗ್ಲೆಂಡಿನಲ್ಲಿ 1584ರ ಒಂದು ತೀರ್ಪಿನಲ್ಲೇ ಅದು ಸ್ಪಷ್ಟವಾಗಿದೆ. ಬರಬರುತ್ತ ಆ ಹೊಣೆಗೆ ಮಿತಿ ಹಾಕುವ ಕಾನೂನುಗಳು ಬಂದವು. ಅಲ್ಲಿನ 1956ರ ಹೋಟೆಲ್ ಮಾಲೀಕರ ಕಾಯಿದೆ ಒಂದು ವಸ್ತುವಿಗೆ 50 ಪೌಂಡ್, ಒಬ್ಬ ಗೆಸ್ಟಿಗೆ ಒಟ್ಟು 100 ಪೌಂಡ್ ಅಂತ ಮಿತಿ ಇಟ್ಟಿದೆ. ರಿಸೆಪ್ಶನ್ ಬಳಿ ಅಥವಾ ಮುಖ್ಯ ಬಾಗಿಲಿನ ಬಳಿ ಆ ಸೂಚನೆ ತೂಗುಹಾಕಿದ್ದರೆ ಮಾತ್ರ ಮಿತಿ ಅನ್ವಯಿಸುತ್ತದೆ. ಆದರೆ ವಸ್ತುವನ್ನು ಜೋಪಾನಕ್ಕೆಂದು ಹೋಟೆಲಿಗೆ ಒಪ್ಪಿಸಿದ್ದರೆ, ಅಥವಾ ಸಿಬ್ಬಂದಿಯ ತಪ್ಪಿನಿಂದ ಹೋಗಿದ್ದರೆ ಮಿತಿ ಇಲ್ಲ.

ಬೇರೆ ಬೇರೆ ದೇಶಗಳಲ್ಲಿ ಮೊತ್ತ ಬೇರೆಯಾದರೂ ಇದೇ ಜಾಡಿನ ಕಾನೂನು ಬಹಳ ಕಡೆ ಇದೆ. ಹಾಗಾಗಿ ರಾತ್ರಿಪಾಳಿಯವರು ಹೇಳಿದ ರಸೀದಿ ಬರೀ ಶಿಷ್ಟಾಚಾರವಲ್ಲ. ಕೌಂಟರಿನ ಹಿಂದೆ ತೂಗುಹಾಕಿದ ಸಣ್ಣಕ್ಷರದ ಫಲಕವನ್ನು ಚೆಕ್‌ಇನ್ ಹೊತ್ತಿನಲ್ಲಿ ಒಮ್ಮೆ ಓದಿ.

ಮಳೆಹನಿ

ಒಬ್ಬಳೇ ಓಡಾಡುವವಳು ನಾನು. ನನ್ನ ಭಯ ಸಾಮಾನಿನದ್ದಲ್ಲ. ನಾನು ಒಳಗೆ ಮಲಗಿರುವಾಗ ಬಾಗಿಲು ತೆರೆದುಕೊಂಡು ಯಾರಾದರೂ ಬಂದುಬಿಟ್ಟರೆ ಅನ್ನುವುದು. "ತೊಂದರೆ ಕೊಡಬೇಡಿ" ಬೋರ್ಡ್ ಹಾಕಿದ್ದರೂ ಬಂದ ಅನುಭವ ಇದೆ. ಆ ಬೋರ್ಡಿಗೆ ಬೆಲೆ ಇಲ್ಲವೇ?

ರಾತ್ರಿಪಾಳಿ

ಇದೆ ಮೇಡಂ, ಆದರೆ ಮೊದಲಿನಷ್ಟಿಲ್ಲ. 2017ರ ಅಕ್ಟೋಬರ್ 1ರಂದು ಲಾಸ್ ವೇಗಸ್‌ನಲ್ಲಿ ಒಬ್ಬಾತ ಹೋಟೆಲ್ ರೂಮಿನೊಳಗೆ ಬಂದೂಕುಗಳನ್ನು ಸೇರಿಸಿಟ್ಟುಕೊಂಡು ಗುಂಡು ಹಾರಿಸಿದ ಮೇಲೆ ದೊಡ್ಡ ಹೋಟೆಲುಗಳು ನಿಯಮ ಬದಲಿಸಿದವು. ಬೋರ್ಡ್ ಹಾಕಿದ್ದರೂ ಇಂತಿಷ್ಟು ಗಂಟೆಯೊಳಗೆ ಸಿಬ್ಬಂದಿ ಒಮ್ಮೆ ರೂಮು ನೋಡಲೇಬೇಕು ಅಂತ ಅನೇಕ ಕಡೆ ಇದೆ. ಡಿಸ್ನಿಯ ಕೆಲವು ಹೋಟೆಲುಗಳಲ್ಲಂತೂ ಅದೇ ವರ್ಷದ ಕೊನೆಗೆ ಆ ಬೋರ್ಡನ್ನೇ ತೆಗೆದು "ರೂಮಿನಲ್ಲಿ ಜನ ಇದ್ದಾರೆ" ಅನ್ನುವ ಬೋರ್ಡ್ ಹಾಕಿದರು. ಆದರೆ ಬಾಗಿಲು ತಟ್ಟಿ, ಯಾರೆಂದು ಹೇಳಿ, ಕಾದು, ಮತ್ತೆ ತಟ್ಟಿಯೇ ಒಳಗೆ ಬರಬೇಕು. ಹಾಗೆ ಮಾಡದಿದ್ದರೆ ಖಂಡಿತ ದೂರು ಕೊಡಿ. ಯಾವ ಹೊತ್ತಿಗೆ ಬರಬೇಕು ಅಂತ ಬೆಳಿಗ್ಗೆಯೇ ಫೋನ್ ಮಾಡಿ ಹೇಳಿಬಿಟ್ಟರೆ ಈ ಕಿರಿಕಿರಿಯೇ ಇರುವುದಿಲ್ಲ.

ಟ್ರಾಲಿ

ಮಳೆಹನಿ ಅಕ್ಕಾ, ನಿಮ್ಮ ಭಯ ನನಗೆ ಅರ್ಥ ಆಗತ್ತೆ, ಯಾಕಂದ್ರೆ ಅದೇ ಬಾಗಿಲಿನ ಈಚೆ ನಿಂತು ನನಗೂ ಅದೇ ಭಯ. ಒಳಗೆ ಯಾರಿದಾರೋ, ಹೇಗಿದಾರೋ ಗೊತ್ತಿಲ್ಲದೆ ಒಬ್ಬಳೇ ಹೋಗಬೇಕು. ಟ್ರಾಲಿನ ಬಾಗಿಲಿಗೆ ಅಡ್ಡ ನಿಲ್ಲಿಸಿ, ಬಾಗಿಲು ತೆರೆದಿಟ್ಟುಕೊಂಡೇ ಕೆಲಸ ಮಾಡ್ತೀವಿ. ಗೆಸ್ಟು ವಾಪಸ್ ಬಂದ್ರೆ "ಆಮೇಲೆ ಬರ್ತೀವಿ" ಅಂತ ಹೊರಗೆ ಬಂದುಬಿಡ್ತೀವಿ.

ಶಿಕಾಗೋದಲ್ಲಿ ಯೂನಿಯನ್‌ನವರು 2016ರಲ್ಲಿ ಹೌಸ್‌ಕೀಪಿಂಗ್ ಹೆಂಗಸರನ್ನ ಕೇಳಿದಾಗ ಸುಮಾರು ಅರ್ಧದಷ್ಟು ಮಂದಿ, ಗೆಸ್ಟುಗಳು ಬಟ್ಟೆ ಇಲ್ಲದೆ ಬಾಗಿಲು ತೆಗೆದಿದ್ದೋ ಎದುರು ಬಂದಿದ್ದೋ ಉಂಟು ಅಂದ್ರು. ಆಮೇಲೆ ಆ ಊರಲ್ಲಿ 2017ರಲ್ಲಿ ಕಾನೂನು ಮಾಡಿ, ಒಬ್ಬರೇ ರೂಮಿನಲ್ಲಿ ಕೆಲಸ ಮಾಡೋರಿಗೆ ತುರ್ತು ಗುಂಡಿ ಕೊಡಬೇಕು ಅಂತ ಮಾಡಿದ್ರು. ಒತ್ತಿದ್ರೆ ಸೆಕ್ಯುರಿಟಿ ಓಡಿ ಬರಬೇಕು. ನಂಬಿಕೆ ಅಂದಾಗ ಗೆಸ್ಟು ನಮ್ಮನ್ನ ನಂಬೋದು ಅಂತಲೇ ಎಲ್ಲರೂ ಮಾತಾಡ್ತಾರೆ. ನಾವೂ ದಿನಕ್ಕೆ ಹದಿನಾಲ್ಕು ಸಲ ಗೊತ್ತಿಲ್ಲದವರನ್ನ ನಂಬಿ ಒಳಗೆ ಕಾಲಿಡ್ತೀವಿ.

ಲೆಕ್ಕಪಕ್ಕಾ

ಟ್ರಾಲಿ ಅವರ ಮಾತು ಓದಿ ತುಂಬ ಹೊತ್ತು ಯೋಚಿಸಿದೆ. ಸಂಬಳವೇ ಮುಖ್ಯ ಅನ್ನುವುದರಲ್ಲಿ ನಾನು ಬದಲಾಗಿಲ್ಲ. ಅದಕ್ಕೆ ಗೆಸ್ಟಾದವರು ಮಾಡಬಹುದಾದ್ದು ಟಿಪ್ಸಿಗಿಂತ ಹೆಚ್ಚಿದೆ ಅಂತಲೂ ಅನ್ನಿಸುತ್ತದೆ.

ಪ್ಯಾರಿಸ್ಸಿನ ಬಾತಿಞೋಲ್ ಭಾಗದ ಒಂದು ದೊಡ್ಡ ಹೋಟೆಲಿನಲ್ಲಿ ರೂಮು ಸ್ವಚ್ಛ ಮಾಡುತ್ತಿದ್ದ ಸುಮಾರು ಇಪ್ಪತ್ತು ಮಂದಿ 2019ರ ಜುಲೈನಲ್ಲಿ ಮುಷ್ಕರಕ್ಕೆ ಇಳಿದರು. ಅವರು ಹೋಟೆಲಿನ ನೌಕರರಾಗಿರಲಿಲ್ಲ, ಗುತ್ತಿಗೆ ಕಂಪನಿಯವರು. ಗಂಟೆಗೆ ಇಷ್ಟು ರೂಮು ಅನ್ನುವ ಒತ್ತಡ ಇಳಿಸಿ, ಊಟದ ಭತ್ಯೆ ಕೊಡಿ ಅನ್ನುವುದು ಬೇಡಿಕೆ. 22 ತಿಂಗಳ ನಂತರ, 2021ರ ಮೇನಲ್ಲಿ ಗೆದ್ದರು. ಮುಂದೆ ನಿಂತವರಲ್ಲಿ ಒಬ್ಬರಾದ ರಶೆಲ್ ಕೆಕೆ 2022ರಲ್ಲಿ ಫ್ರಾನ್ಸಿನ ಸಂಸತ್ತಿಗೆ ಆಯ್ಕೆಯಾದರು. ಲಕೋಟೆಗಳಿಂದ ಇದು ಆಗುತ್ತಿರಲಿಲ್ಲ.

ಹಾಗಾಗಿ ನಾನು ಚೆಕ್‌ಔಟ್ ಹೊತ್ತಿನಲ್ಲಿ ಫೀಡ್‌ಬ್ಯಾಕ್ ಫಾರ್ಮಿನಲ್ಲಿ ರೂಮು ಮಾಡಿದವರ ಹೆಸರು ಬರೆದು ಮೆಚ್ಚುಗೆ ದಾಖಲಿಸುತ್ತೇನೆ. ಹೌಸ್‌ಕೀಪಿಂಗ್‌ನವರು ನೇರ ನೌಕರರೋ ಗುತ್ತಿಗೆಯವರೋ ಅಂತ ಮ್ಯಾನೇಜರನ್ನು ಕೇಳುತ್ತೇನೆ. ಇನ್ನು ಮುಂದೆ ಚೀಟಿಯ ಜೊತೆ ದುಡ್ಡನ್ನೂ ಇಡುತ್ತೇನೆ.

ಮೂರನೇಮಹಡಿ

ಹೆಸರು ಬರೆಯುವುದು ದುಡ್ಡಿಗಿಂತ ಹೆಚ್ಚು ಕಾಲ ಉಳಿಯುತ್ತದೆ ಸರ್. ನಮ್ಮಲ್ಲಿ ಬಡ್ತಿಯ ಸಮಯಕ್ಕೆ ಗೆಸ್ಟುಗಳ ಹೊಗಳಿಕೆಯ ಕಾಗದಗಳನ್ನೇ ಫೈಲಿನಿಂದ ತೆಗೆದು ನೋಡುತ್ತಿದ್ದರು. ನಾನು ಸೂಪರ್‌ವೈಸರ್ ಆಗಿದ್ದು ಅಂಥ ಎರಡು ಸಾಲಿನ ಬಲದಿಂದ.

ನೀಲಿಛತ್ರಿ

ಕೊನೆಯದಾಗಿ ಒಂದು ಅನುಮಾನ. ಈಗ ಕೈಯಲ್ಲಿ ನಗದೇ ಇರುವುದಿಲ್ಲ. ಕೆಲವು ಹೋಟೆಲುಗಳಲ್ಲಿ ಟಿಪ್ಸಿಗೆ ಕ್ಯೂಆರ್ ಕೋಡ್ ಹಾಕಿರುತ್ತಾರೆ. ಅದು ಅವರಿಗೆ ಸೇರುತ್ತದೆಯೇ? ಬೆಳಗಿನ ಜಾವವೇ ಖಾಲಿ ಮಾಡಿದರೆ ಯಾರಿಗೆ ಸಿಗುತ್ತದೆ?

ಟ್ರಾಲಿ

ಕ್ಯೂಆರ್‌ನಲ್ಲಿ ಎರಡು ಥರ ಇದೆ. ಸ್ಕ್ಯಾನ್ ಮಾಡಿದಾಗ ರೂಮ್ ನಂಬರು, ತಾರೀಖು ಕೇಳಿದ್ರೆ ಅವತ್ತು ಆ ರೂಮು ಮಾಡಿದವರ ಲೆಕ್ಕಕ್ಕೆ ಹೋಗತ್ತೆ. ಏನೂ ಕೇಳದೆ ಬರೀ ಹೋಟೆಲ್ ಹೆಸರು ತೋರಿಸಿದ್ರೆ ಹಂಚಿಕೆ ಹೇಗೆ ಅಂತ ಕೌಂಟರಿನಲ್ಲಿ ಕೇಳಿ ಆಮೇಲೆ ಹಾಕಿ.

ಬೆಳಗಿನ ಜಾವ ಹೊರಟರೆ ಆ ದಿನದ ದುಡ್ಡು ಚೆಕ್‌ಔಟ್ ಕ್ಲೀನ್ ಮಾಡೋರಿಗೆ ಸೇರತ್ತೆ, ಅದು ಸರಿಯೇ, ಅವತ್ತಿನ ಕೆಲಸವೇ ಹೆಚ್ಚು. ಹಿಂದಿನ ದಿನದವರಿಗೆ ಅಂತ ಇದ್ರೆ ಹಿಂದಿನ ದಿನವೇ ಇಟ್ಟುಬಿಡಿ. ಮತ್ತೆ ಖಾಲಿ ರೂಮಿನಲ್ಲೂ ಚೀಟಿ ಇಲ್ಲದ ದುಡ್ಡು ಸಿಕ್ರೆ ನಾವು ಲಾಸ್ಟ್ ಅಂಡ್ ಫೌಂಡ್‌ಗೆ ಬರೆಸೋದೇ ಹೆಚ್ಚು. ಸಣ್ಣ ಮೊತ್ತ ಆದ್ರೂ ಅಷ್ಟೇ. ಅದಕ್ಕೆ ಎಷ್ಟೇ ಅವಸರ ಇದ್ರೂ ಒಂದು ಸಾಲು ಬರೆದುಹೋಗಿ.